ಕೇಳಿಸದ ಸದ್ದು

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ನನ್ನ ಮಗಳ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಇಸ್ತ್ರಿಪೆಟ್ಟಿಗೆಯ ಹಿಡಿಯಂಥ ಉಪಕರಣವೊಂದನ್ನು ಅತ್ತಿತ್ತ ಆಡಿಸುತ್ತಿದ್ದರು. ಪರದೆಯ ಮೇಲೆ ಮಗುವಿನ ಹೃದಯ ಪಟಪಟ ಬಡಿಯುತ್ತಿತ್ತು. "ಇದು ಹೇಗಮ್ಮಾ ಕಾಣುತ್ತದೆ?" ಎಂದೆ. "ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಇದೆಯಲ್ಲ ಟೀಚರ್, ಅದರ ಅಕ್ಕನೋ ತಂಗಿಯೋ ಇದು" ಎಂದು ನಕ್ಕರು.

ಶಾಲೆಯಲ್ಲಿ ಚರಿತ್ರೆ ಹೇಳುವವಳು ನಾನು. ಸುಮ್ಮನೆ ಬಿಡುವುದುಂಟೆ? ಹುಡುಕಿ ಓದಿದೆ.

ಲೈಟರಿನಲ್ಲಿ ಬ್ಯಾಟರಿ ಇಲ್ಲ. ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಪಿಂಗಾಣಿಯಂಥ ಬಿಲ್ಲೆಗೆ ಬಡಿಯುತ್ತದೆ. ಪೆಟ್ಟು ಬಿದ್ದೊಡನೆ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಕೆಲವು ಹರಳುಗಳ ಈ ಗುಣವನ್ನು 1880ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದವರು ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ನಾವೆಲ್ಲ ಪಾಠದಲ್ಲಿ ಓದಿದ ಮೇರಿ ಕ್ಯೂರಿಯ ಗಂಡನೇ ಈ ಪಿಯರ್. ವಿದ್ಯುತ್ ಹಾಯಿಸಿದರೆ ಹರಳು ಹಿಗ್ಗಿ ಕುಗ್ಗುತ್ತದೆಂದು ಮರುವರ್ಷ ತೋರಿಸಿದರು. ಮುಂದೆ ಮೇರಿ ವಿಕಿರಣವನ್ನು ಅಳೆದದ್ದೂ ಇವರ ಹರಳಿನ ಉಪಕರಣದಿಂದಲೇ.

ಹರಳು ಸೆಕೆಂಡಿಗೆ 20,000 ಸಲಕ್ಕಿಂತ ಹೆಚ್ಚು ಕಂಪಿಸಿದರೆ ಆ ಸದ್ದು ನಮ್ಮ ಕಿವಿಗೆ ಕೇಳಿಸದು. ಅದನ್ನು ಕಳಿಸುವುದೂ ಹರಳೇ, ಮರುದನಿಯನ್ನು ಕೇಳಿಸಿಕೊಳ್ಳುವುದೂ ಹರಳೇ. ಮೊದಲ ಮಹಾಯುದ್ಧದಲ್ಲಿ ಪಿಯರ್ ಅವರ ಶಿಷ್ಯ ಪಾಲ್ ಲಾಂಜೆವಿನ್ ಇದರಿಂದ ನೀರಿನಡಿಯ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟರು. ಆಮೇಲೆ ಕಾರ್ಖಾನೆಗಳು ಲೋಹದೊಳಗಿನ ಬಿರುಕು ನೋಡಲು ಬಳಸಿದವು. 1955ರಲ್ಲಿ ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಅಂಥದೊಂದು ಬಾಯ್ಲರ್ ಕಾರ್ಖಾನೆಗೇ ಹೋದರು! ಬಿರುಕು ಕಂಡರೆ ಗೆಡ್ಡೆಯೂ ಕಂಡೀತು ಎಂಬ ಲೆಕ್ಕ. ಕಂಡಿತು. ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಇದ್ದದ್ದು ಅಂಡಾಶಯದ ನೀರುಗೆಡ್ಡೆ ಎಂದು ತಿಳಿಯಿತು. ತೆಗೆದರು, ಆಕೆ ಬದುಕಿಕೊಂಡಳು. ಸುದ್ದಿ ತಿಳಿದು ತಾವಾಗಿಯೇ ಬಂದ ಟಾಮ್ ಬ್ರೌನ್ ಎಂಬ ಎಳೆಯ ಇಂಜಿನಿಯರ್, ಹೊಟ್ಟೆಯ ಮೇಲೆ ಆಡಿಸಿ ಚಿತ್ರ ಮೂಡಿಸುವ ಯಂತ್ರ ಕಟ್ಟಿದರು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೆಲ್ಲ ಪ್ರಕಟವಾಯಿತು.

ಹೆಣ್ಣನ್ನು ಉಳಿಸಿದ ಆ ಯಂತ್ರವನ್ನು ನಾವೇನು ಮಾಡಿದೆವು? 1992ರಲ್ಲಿ ನಾನು ಎರಡನೆಯ ಬಸುರಿ. ಮೊದಲನೆಯದು ಹೆಣ್ಣು. "ಒಮ್ಮೆ ತೋರಿಸಿಕೊಂಡು ಬಾ, ಹೆಣ್ಣಾದರೆ ನೋಡೋಣ" ಎಂದರು ಮನೆಯ ಹಿರಿಯರೊಬ್ಬರು. 'ನೋಡೋಣ' ಎಂದರೆ ಏನೆಂದು ನನಗೂ ಗೊತ್ತಿತ್ತು. ಶಾಲೆಗೆ ರಜೆ ಸಿಗುವುದಿಲ್ಲವೆಂದು ನೆಪ ಹೇಳುತ್ತ ದಿನ ದೂಡಿದೆ. ಎದುರು ನಿಂತು 'ಒಲ್ಲೆ' ಎನ್ನುವ ಎದೆಗಾರಿಕೆ ಇರಲಿಲ್ಲ. ಲಿಂಗಪತ್ತೆ ತಡೆಯುವ ಕಾಯಿದೆ ಆದದ್ದು 1994ರಲ್ಲಿ. ಆದರೂ ದೇಶದಲ್ಲಿ ಆರು ವರ್ಷದವರೆಗಿನ 1,000 ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರ ಜನಗಣತಿಯಲ್ಲಿ 927ಕ್ಕೆ ಇಳಿದಿದ್ದರು.

ನೆಪದಿಂದ ಉಳಿದ ಆ ಮಗಳೇ ಮೊನ್ನೆ ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದ್ದವಳು. ಗೋಡೆಯ ಮೇಲೆ 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕವಿತ್ತು. ಅವಳು ಕತ್ತು ಹೊರಳಿಸಿ, "ಎಲ್ಲಾ ಸರಿಯಾಗಿದೆಯಾ ಅಮ್ಮಾ?" ಎಂದಳು. "ಹೃದಯ ಚೆನ್ನಾಗಿ ಬಡಿಯುತ್ತಿದೆ" ಎಂದೆ. ಗಂಡೋ ಹೆಣ್ಣೋ ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಲಿಲ್ಲ.