ಅರ್ಧಕ್ಕೆ ನಿಂತ ಕೆಲಸದ ವೇತನ: ಮಿತಾಕ್ಷರೆಯ ಒಂದು ನಿರ್ಣಯ

ಶಹಾಪುರ ತಾಲ್ಲೂಕಿನ ಶಿರವಾಳದ ಹಾಳು ದೇಗುಲಗಳನ್ನು ಕಂಡವರು ಶಿಲ್ಪವನ್ನು ಹೊಗಳುವರು, ಕಟ್ಟಿಸಿದವರನ್ನು ನೆನೆಯುವರು. ಕಲ್ಲು ಕಡೆದವನಿಗೆ ಕೂಲಿ ಹೇಗೆ ಸಂದಿತು, ಕೆಲಸವು ನಡುವೆ ನಿಂತಿದ್ದರೆ ಅವನ ಗತಿ ಏನಾಗುತ್ತಿತ್ತು ಎಂದು ಕೇಳುವವರು ವಿರಳ. ಉತ್ತರವನ್ನು ಬಲುದೂರ ಅರಸಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಶಹಾಪುರಕ್ಕೆ ಉತ್ತರದಲ್ಲಿರುವ ಮರತೂರಿನವನೆಂದು ಪ್ರತೀತಿಯುಂಟು.

ನಾವು ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಓದುವಾಗ ದಾಯಭಾಗಕ್ಕೆ ತಿಂಗಳುಗಳೇ ಸಂದುವು; ವೇತನಾದಾನ ಪ್ರಕರಣವು ಒಂದೇ ಬೆಳಗಿನಲ್ಲಿ ಮುಗಿಯಿತು. ಆ ಅವಸರದಿಂದಾದ ನಷ್ಟವು ಈಚೆಗೆ ನಮಗೆ ಅರಿವಾಗಿದೆ.

ವೇತನವನ್ನು ಪಡೆದು ಕೆಲಸವನ್ನು ತ್ಯಜಿಸಿದವನು ಇಮ್ಮಡಿ ತೆರಬೇಕೆಂದು ಯಾಜ್ಞವಲ್ಕ್ಯನ ವಿಧಿ. ಆದರೆ ವ್ಯಾಧಿ ಮೊದಲಾದ ಕಾರಣಗಳಿಂದ ಇಬ್ಬರು ಸೇರಿ ಹಿಡಿದ ಕೆಲಸವು ಮುಗಿಯದೆ ಹೋದರೆ? ಆಗ ಯಾರು ಎಷ್ಟು ಮಾಡಿದರೋ ಅವರಿಗೆ ಅಷ್ಟು ವೇತನವೆಂದು ಮೂಲವು ಹೇಳುತ್ತದೆ. ಇಲ್ಲಿ ವಿಜ್ಞಾನೇಶ್ವರನು ಮೂರು ಮಾತುಗಳನ್ನು ಕೂಡಿಸುತ್ತಾನೆ. ಇಬ್ಬರೆಂದರೆ ಅನೇಕರೂ ಆಗಬಹುದು. ಮಾಡಿದ ಕೆಲಸದ ಬೆಲೆಯನ್ನು ಮಧ್ಯಸ್ಥರು ಕಲ್ಪಿಸಬೇಕು. ಕೆಲಸದ ಭಾಗಕ್ಕೆ ಇಷ್ಟೆಂದು ಮೊದಲೇ ಗೊತ್ತುಮಾಡಿಲ್ಲವಾದ್ದರಿಂದ ಏನೂ ಕೊಡಬೇಕಾಗಿಲ್ಲವೆಂದು ತಿಳಿಯಕೂಡದು. ಕಡೆಯ ಮಾತೇ ಮುಖ್ಯವಾದುದು. ಧಣಿಯ ಕಡೆಯ ವಾದವನ್ನು ಮೊದಲೇ ಊಹಿಸಿ ಅದರ ಬಾಯಿ ಮುಚ್ಚಿಸಿರುವನು.

ಇದರ ಬೆಲೆ ತಿಳಿಯಬೇಕಾದರೆ ಇಂಗ್ಲೆಂಡಿನ 1795ರ ಕಟರ್–ಪೊವೆಲ್ ವ್ಯಾಜ್ಯವನ್ನು ನೋಡಬೇಕು. ಯಾನದ ನಡುವೆ ಮೃತನಾದ ನಾವಿಕನ ವಿಧವೆಗೆ ಅಲ್ಲಿ ಬಿಡಿಗಾಸೂ ದೊರೆಯಲಿಲ್ಲ. ಒಪ್ಪಂದವು ಅಖಂಡವೆಂಬುದೇ ಕಾರಣ. 1898ರಲ್ಲಿ ಹಣವಿಲ್ಲದೆ ಕಟ್ಟಡವನ್ನು ಅರ್ಧಕ್ಕೆ ಬಿಟ್ಟ ಗುತ್ತಿಗೆದಾರನೊಬ್ಬನಿಗೂ ಮಾಡಿದ ಕೆಲಸದ ಬೆಲೆ ಸಿಕ್ಕಲಿಲ್ಲ. ಆದರೆ ಈ ಎರಡನೆಯದನ್ನು ಮಿತಾಕ್ಷರೆಗೆ ವಿರುದ್ಧವೆಂದು ಹಿಡಿಯುವುದು ಸಾಹಸವಾದೀತು. ಕೆಲಸ ಬಿಟ್ಟವನ ಮೇಲೆ ನಮ್ಮ ಸ್ಮೃತಿಗೂ ಕರುಣೆಯಿಲ್ಲ.

ಈ ಪ್ರಕರಣವು ಭೃತ್ಯರನ್ನು ಕುರಿತದ್ದು, ಕಟ್ಟಡದವರಿಗೆ ಹೇಗೆ ಅನ್ವಯಿಸೀತೆಂದು ಕೆಲವರು ಶಂಕಿಸಬಹುದು. ಶಂಕೆ ನ್ಯಾಯವಾದುದೇ. ಆದರೆ ಸಂಭೂಯಸಮುತ್ಥಾನದಲ್ಲಿ ಯಾಜ್ಞವಲ್ಕ್ಯನು ಕೂಡುವ್ಯವಹಾರದ ವಿಧಿಯನ್ನು ಕರ್ಮಕರರಿಗೂ ವಿಸ್ತರಿಸಿ, ಅಶಕ್ತನಾದವನು ಇನ್ನೊಬ್ಬನಿಂದ ಕೆಲಸ ಮಾಡಿಸಬಹುದೆನ್ನುತ್ತಾನೆ. ಸೌಧವನ್ನೂ ದೇವಗೃಹವನ್ನೂ ಕೂಡಿ ಕಟ್ಟುವವರಲ್ಲಿ ಮುಖ್ಯನಿಗೆ ಎರಡು ಪಾಲೆಂದು ಬೃಹಸ್ಪತಿಯ ಮತ. ಕಲಿಯುವವನಿಂದ ಆಚಾರ್ಯನವರೆಗೆ ಶಿಲ್ಪಿಗಳಿಗೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಪಾಲುಗಳೆಂಬ ವಚನವೂ ಸ್ಮೃತಿಗಳಲ್ಲಿದೆ. ಇಷ್ಟರಿಂದಲೇ ಇಂದಿನ ಗುತ್ತಿಗೆಯ ಕಾಯಿದೆಯೆಲ್ಲವೂ ನಮ್ಮಲ್ಲಿತ್ತೆಂದು ಹಿಗ್ಗುವವರೊಡನೆ ನಾವು ಸೇರಲಾರೆವು.

1872ರ ಕರಾರು ಕಾಯಿದೆಯು ಹೈದರಾಬಾದು ಸೀಮೆಗೆ 1951ರಲ್ಲಿ ವಿಸ್ತರಿಸಿತು. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭವನ್ನುಂಡವನು ಅದಕ್ಕೆ ಪರಿಹಾರ ಕೊಡಬೇಕೆಂದು ಅದರ 70ನೆಯ ಕಲಮು. ಮುಂದೆ ನಾರಾಯಣಪುರದ ಕಾಲುವೆ ಶಹಾಪುರ, ಸುರಪುರಗಳ ಹೊಲಗಳಿಗೆ ಬಂದಿತು. ಆ ಯೋಜನೆಯನ್ನು ನಡೆಯಿಸುವ ಕೃಷ್ಣಾ ಭಾಗ್ಯ ಜಲ ನಿಗಮಕ್ಕೂ ಗುತ್ತಿಗೆದಾರನೊಬ್ಬನಿಗೂ ನಡೆದ ವ್ಯಾಜ್ಯವು 2007ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಮಧ್ಯಸ್ಥನ ಮುಂದೆ ಒಪ್ಪಿ ವಾದಿಸಿದ ಮೇಲೆ, ಮಧ್ಯಸ್ಥಿಕೆಯ ಕರಾರೇ ಇಲ್ಲವೆಂದು ನಿಗಮವು ಹೇಳಲಾಗದೆಂದು ನ್ಯಾಯಾಲಯವು ನಿರ್ಣಯಿಸಿತು. ಬಡ್ಡಿಯನ್ನು ಶೇಕಡಾ 9ಕ್ಕೆ ಇಳಿಸಿತು.