ಈಡು ಮತ್ತು ಹೊದಿಕೆ: ಬಾಯಿಯಿಂದ ತುಂಬುವ ಕೋವಿಯ ಚರಿತ್ರೆಯಲ್ಲಿ ದಿನಬಳಕೆಯ ವಸ್ತುಗಳು

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಲೋಹದ ಚರಿತ್ರೆಯನ್ನೇ ಬರೆದಿದ್ದಾರೆ. ನಳಿಗೆಯ ಉದ್ದ, ಕುದುರೆಯ ರಚನೆ, ತಯಾರಕನ ಮುದ್ರೆ ಇವು ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ದಾಖಲಾಗಿವೆ. ಆದರೆ ಬಾಯಿಯಿಂದ ತುಂಬುವ ಕೋವಿ ಕೆಲಸ ಮಾಡಬೇಕಾದರೆ ನಳಿಗೆಯಷ್ಟೇ ಅಗತ್ಯವಾದ ಮತ್ತೊಂದು ವಸ್ತುವಿದೆ. ಅದು ಮದ್ದಿನ ಮೇಲೆ ತುರುಕುವ ನಾರು, ಚಿಂದಿ ಅಥವಾ ಕಾಗದ. ಚರೆಗಳನ್ನು ಒಟ್ಟುಗೂಡಿಸಿ ಹಿಡಿಯುವ ಹೊದಿಕೆ. ಇದು ಒಂದೇ ಸಲ ಬಳಕೆಯಾಗಿ ಸುಟ್ಟು ಬೀಳುತ್ತದೆ. ಉಳಿಯದ ವಸ್ತುವಾದ್ದರಿಂದಲೇ ಇದಕ್ಕೆ ಚರಿತ್ರೆಯಲ್ಲಿ ಸ್ಥಾನ ದೊರೆತಿಲ್ಲ. ಬಳಕೆದಾರನೇ ಮನೆಯಲ್ಲಿ ಸಿಕ್ಕ ಪದಾರ್ಥದಿಂದ ರೂಪಿಸಿಕೊಳ್ಳುತ್ತಿದ್ದ ಈ ವಸ್ತುವನ್ನು ಜನಪದ ತಂತ್ರಜ್ಞಾನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಈಡಿನ ರಚನೆ

ಕೋವಿಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡುಗಳ ಒಟ್ಟು ಮೊತ್ತವನ್ನು ಮಲೆನಾಡಿನಲ್ಲಿ 'ಈಡು' ಎನ್ನುತ್ತಾರೆ. ಎಸೆ, ಹೊಡೆ ಎಂಬ ಅರ್ಥವುಳ್ಳ 'ಇಡು' ಧಾತುವಿನೊಡನೆ ಈ ಮಾತಿಗೆ ಸಂಬಂಧವಿದೆ. ಒಳಮೈ ನುಣುಪಾಗಿರುವ ನಳಿಗೆಯಲ್ಲಿ ಈಡು ನಾಲ್ಕು ಪದರಗಳಾಗಿ ಕೂರುತ್ತದೆ: ತಳದಲ್ಲಿ ಮದ್ದು, ಅದರ ಮೇಲೆ ದಪ್ಪನೆಯ ತಡೆ, ಆಮೇಲೆ ಚರೆ, ಕೊನೆಗೆ ಚರೆ ಉರುಳಿ ಹೊರಬೀಳದಂತೆ ತೆಳುವಾದ ಮತ್ತೊಂದು ತಡೆ. ಇಂಗ್ಲಿಷಿನಲ್ಲಿ ಈ ತಡೆಯನ್ನು 'ವ್ಯಾಡ್' ಎಂದು ಕರೆಯುತ್ತಾರೆ.

ಇದರ ಕೆಲಸ ಸರಳವೆಂದು ತೋರಿದರೂ ಸೂಕ್ಷ್ಮವಾದುದು. ಮದ್ದು ಉರಿದು ಹುಟ್ಟುವ ಅನಿಲ ಚರೆಗಳ ನಡುವೆ ನುಸುಳಿಹೋದರೆ ಹೊಡೆತದ ಬಲ ಕುಗ್ಗುತ್ತದೆ, ಚರೆ ಚದುರುತ್ತದೆ. ತಡೆ ಅತಿ ಹಗುರವಾದರೆ ಅನಿಲವನ್ನು ಹಿಡಿಯಲಾರದು. ಅತಿ ಭಾರವಾದರೆ ತಾನೇ ಚರೆಗಳ ಬೆನ್ನಟ್ಟಿ ಹೋಗಿ ಅವುಗಳ ಸಾಲನ್ನು ಕೆಡಿಸುತ್ತದೆ. ಇದಲ್ಲದೆ ಮೃದುವಾದ ಸೀಸದ ಚರೆ ನಳಿಗೆಯ ಒಳಮೈಗೆ ಉಜ್ಜಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಚರೆ ನೇರವಾಗಿ ಹಾರುವುದಿಲ್ಲ. ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಕರಗಿದ ಸೀಸವನ್ನು ಎತ್ತರದಿಂದ ಬೀಳಿಸಿ ದುಂಡನೆಯ ಚರೆ ಮಾಡುವ ವಿಧಾನಕ್ಕೆ 1782ರಲ್ಲಿ ಪೇಟೆಂಟ್ ಪಡೆದನು. ಹೀಗೆ ದುಂಡಗಾದ ಚರೆಯನ್ನು ನಳಿಗೆ ದಾಟುವವರೆಗೂ ದುಂಡಗೆಯೇ ಉಳಿಸಬೇಕೆಂಬ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಚರೆಯ ಹೊದಿಕೆ ಅಥವಾ ಚರೆಬಟ್ಟಲು.

೨. ನಾರು, ಚಿಂದಿ, ಕಾಗದ

ಯೂರೋಪಿನಲ್ಲಿ ತಡೆಗೆ ಹೆಚ್ಚಾಗಿ ಬಳಕೆಯಾದುದು ಅಗಸೆ ನಾರಿನ ಸಿಕ್ಕು, ಎಂದರೆ ನೂಲಲು ಬಾರದ ಉಳಿಕೆ. ಹಳೆಯ ಉಣ್ಣೆಯ ಟೋಪಿಗಳನ್ನು ದುಂಡಗೆ ಕತ್ತರಿಸಿಕೊಳ್ಳುವುದೂ ರೂಢಿಯಲ್ಲಿತ್ತು. ಅಮೆರಿಕದ ಗುಡ್ಡಗಾಡಿನ ಬೇಟೆಗಾರರು ಕಣಜದ ಗೂಡಿನ ಪದರಗಳನ್ನು ಬಳಸಿದರು. ಕಣಜವು ಮರದ ನಾರನ್ನು ಅಗಿದು ಕಟ್ಟುವ ಆ ಗೂಡು ಸ್ವಭಾವತಃ ಕಾಗದವೇ. ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ಇದೇ ಕೆಲಸಕ್ಕೆ ತೆಂಗಿನ ಕತ್ತ ಒದಗಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಗಸೆಯ ಸಿಕ್ಕು, ತೆಂಗಿನ ಕತ್ತ, ಟೋಪಿಯ ಉಣ್ಣೆ, ಬಟ್ಟೆಯ ಚಿಂದಿ ಇವೆಲ್ಲವೂ ನಾರಿನ ಕಸುಬುಗಳ ಉಳಿಕೆಗಳು. ಆ ಕಾಲದ ಕಾಗದವೂ ಚಿಂದಿಯಿಂದಲೇ ತಯಾರಾಗುತ್ತಿತ್ತು. ಕೋವಿ ಎಲ್ಲಿಂದಲೋ ಬಂದ ವಸ್ತುವಾಗಿರಬಹುದು, ಆದರೆ ಅದರ ಈಡನ್ನು ಕಟ್ಟಿದ್ದು ಆಯಾ ನೆಲದ ನಾರು. ಪರಕೀಯ ಯಂತ್ರವೊಂದು ಸ್ಥಳೀಯ ಜೀವನದಲ್ಲಿ ಬೇರುಬಿಡುವ ಬಗೆಯನ್ನು ಅರಿಯಲು ಇದು ಉತ್ತಮ ನಿದರ್ಶನ.

ಈ ಅಗ್ಗದ ವಸ್ತುವಿಗೆ ಅಪಾಯವೂ ಅಂಟಿಕೊಂಡಿತ್ತು. ತಡೆ ಕಿಡಿಯಾಗಿ ಹೊರಬಿದ್ದು ಒಣಹುಲ್ಲಿಗೆ ಬೆಂಕಿ ಹತ್ತಿಸುತ್ತಿತ್ತು. ಲಂಡನ್ನಿನ ಗ್ಲೋಬ್ ರಂಗಮಂದಿರ 1613ರ ಜೂನ್ 29ರಂದು ಭಸ್ಮವಾದುದು ಹೀಗೆಯೇ. ಎಂಟನೆಯ ಹೆನ್ರಿಯನ್ನು ಕುರಿತ ನಾಟಕದ ನಡುವೆ ಹಾರಿಸಿದ ತೋಪಿನಲ್ಲಿ ಗುಂಡಿರಲಿಲ್ಲ. ತುರುಕಿದ್ದ ಕಾಗದವೋ ನಾರೋ ಚಾವಣಿಯ ಹುಲ್ಲಿನ ಮೇಲೆ ಬಿದ್ದಿತ್ತು.

೩. ಗ್ರಂಥದಿಂದ ಈಡಿಗೆ

ಕಾಗದವು ಈಡಿನ ಭಾಗವಾದಾಗ ಬರಹದ ಲೋಕಕ್ಕೂ ಕೋವಿಗೂ ವಿಚಿತ್ರ ಸಂಬಂಧವೊಂದು ಬೆಳೆಯಿತು. ಚಿತ್ರಕಾರರು ಇಂದಿಗೂ ಬಳಸುವ 'ಕಾರ್ಟ್ರಿಜ್ ಪೇಪರ್' ಎಂಬ ಹೆಸರು ತೋಟಾ ಸುತ್ತುವ ಕಾಗದದಿಂದ ಬಂದುದು. ಆನಬ್ಯಾಪ್ಟಿಸ್ಟ್ ಪಂಥದ ಹುತಾತ್ಮರ ಚರಿತ್ರೆಯನ್ನು ಹೇಳುವ 'ಮಾರ್ಟರ್ಸ್ ಮಿರರ್' ಎಂಬ ಬೃಹದ್ಗ್ರಂಥದ ಜರ್ಮನ್ ಅನುವಾದ 18ನೆಯ ಶತಮಾನದ ನಡುವಿನಲ್ಲಿ ಪೆನ್ಸಿಲ್ವೇನಿಯದ ಎಫ್ರಾಟದಲ್ಲಿ ಅಚ್ಚಾಯಿತು. ಹಿಂಸೆಯನ್ನು ಸಂಪೂರ್ಣವಾಗಿ ನಿರಾಕರಿಸಿದ ಜನರ ಗ್ರಂಥವದು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ರಟ್ಟು ಕಟ್ಟದೆ ಉಳಿದಿದ್ದ ಅದರ ಹಾಳೆಗಳನ್ನು ಸೇನೆಯವರು ಈಡಿನ ಕಾಗದಕ್ಕಾಗಿ ವಶಪಡಿಸಿಕೊಂಡರು. ಅದೇ ಯುದ್ಧದಲ್ಲಿ, 1780ರ ಜೂನ್‌ನಲ್ಲಿ ನ್ಯೂಜೆರ್ಸಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಕದನಕ್ಕೆ ಐತಿಹ್ಯವೊಂದು ಅಂಟಿಕೊಂಡಿದೆ. ತಡೆಗೆ ಕಾಗದ ಮುಗಿದಾಗ ಜೇಮ್ಸ್ ಕಾಲ್ಡ್‌ವೆಲ್ ಎಂಬ ಪಾದ್ರಿ ಚರ್ಚಿನಿಂದ ಐಸಾಕ್ ವಾಟ್ಸನ ಕೀರ್ತನೆಗಳ ಪುಸ್ತಕಗಳನ್ನು ತಂದು ಸೈನಿಕರಿಗೆ ಹಂಚಿದನೆಂದು ಅದು ಹೇಳುತ್ತದೆ. ಘಟನೆ ನಡೆದಂತೆಯೇ ಉಳಿದಿದೆಯೋ ಕಟ್ಟುಕತೆಯಾಗಿ ಬೆಳೆದಿದೆಯೋ ಎಂಬುದಕ್ಕಿಂತ, ಜನಸ್ಮೃತಿ ಒಂದು ಹರಕು ಹಾಳೆಯನ್ನು ಇಡೀ ಕದನದ ಸಂಕೇತವಾಗಿ ಆರಿಸಿಕೊಂಡಿತೆಂಬುದು ಜಾನಪದದ ದೃಷ್ಟಿಯಿಂದ ಮಹತ್ವದ್ದು.

ತಡೆ ಸಾಕ್ಷಿಯೂ ಆಗಬಲ್ಲದು. 1784ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಜಾನ್ ಟಾಮ್ಸ್ ಎಂಬವನ ಮೇಲೆ ಕೊಲೆಯ ಆರೋಪ ರುಜುವಾತಾಯಿತು. ಹತನ ಗಾಯದಲ್ಲಿ ಸಿಕ್ಕ ಮುದ್ರಿತ ಕಾಗದದ ಚೂರು ಆರೋಪಿಯ ಜೇಬಿನಲ್ಲಿದ್ದ ಹರಕಿಗೆ ಅಂಚಿಗೆ ಅಂಚು ಕೂಡಿತ್ತು. ನಮ್ಮ ನೆಲದಲ್ಲಿ 1857ರ ದಂಗೆಗೆ ನೆಪವಾದ ಎನ್‌ಫೀಲ್ಡ್ ತೋಟಾದ ವಿಷಯದಲ್ಲಿಯೂ ಕಿಡಿ ಹೊತ್ತಿದ್ದು ಗುಂಡಿನಿಂದಲ್ಲ, ಅದನ್ನು ಸುತ್ತಿದ ಜಿಡ್ಡು ಸವರಿದ ಕಾಗದದಿಂದ. ಆ ಬಂದೂಕು ನುಣುಪು ನಳಿಗೆಯದಲ್ಲವಾದರೂ ಬಾಯಿಯಿಂದಲೇ ತುಂಬುವಂಥದು. ಹೊದಿಕೆ ಯಾವುದರಿಂದ ತಯಾರಾಗಿದೆ, ಯಾರು ತಯಾರಿಸಿದರು ಎಂಬ ಪ್ರಶ್ನೆ ಧರ್ಮ ಮತ್ತು ನಂಬಿಕೆಯ ಪ್ರಶ್ನೆಯಾಯಿತು. ತನ್ನ ಈಡನ್ನು ತಾನೇ ಕಟ್ಟಿಕೊಳ್ಳುವವನಿಗೆ ಈ ಅನುಮಾನವೇ ಹುಟ್ಟುತ್ತಿರಲಿಲ್ಲ.

೪. ಕಾರ್ಖಾನೆ ಮತ್ತು ಮನೆ

ಚರೆಯನ್ನು ಪ್ರತ್ಯೇಕ ಹೊದಿಕೆಯಲ್ಲಿಡುವ ಕಲ್ಪನೆಯನ್ನು ವಾಣಿಜ್ಯ ಸರಕಾಗಿಸಿದವರಲ್ಲಿ ಲಂಡನ್ನಿನ ಈಲಿ ಸಂಸ್ಥೆ ಪ್ರಮುಖವಾದುದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಮಾರುತ್ತಿದ್ದ 'ವೈರ್ ಕಾರ್ಟ್ರಿಜ್' ತೆಳುವಾದ ತಂತಿಯ ಬಲೆ. ಚರೆಗಳ ನಡುವೆ ಮೂಳೆಯ ಪುಡಿ ತುಂಬಿ ಮೇಲೆ ಕಾಗದ ಸುತ್ತಲಾಗುತ್ತಿತ್ತು. ಚರೆ ದೂರದವರೆಗೆ ಗುಂಪಾಗಿ ಹೋಗುವುದು ಇದರಿಂದ ಸಾಧ್ಯವಾಯಿತು. ಕೆಲವೊಮ್ಮೆ ಬಲೆ ಬಿಚ್ಚಿಕೊಳ್ಳದೆ ಇಡೀ ಗಂಟು ಒಂದೇ ಗುಂಡಿನಂತೆ ಹಾರುತ್ತಿದ್ದುದು ಇದರ ದೋಷ. ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು 1860ರ ದಶಕದಲ್ಲಿ ಪ್ರಚಾರಕ್ಕೆ ಬಂದ ಮೇಲೆ ತಡೆ, ಚರೆ, ಮದ್ದು ಎಲ್ಲವೂ ಕಾರ್ಖಾನೆಯ ರಟ್ಟಿನ ಕೊಳವೆಯೊಳಗೆ ಸೇರಿಹೋದವು. ಒಂದು ಶತಮಾನದ ತರುವಾಯ, 1960ರ ದಶಕದಲ್ಲಿ, ಅಮೆರಿಕದ ಕಾರ್ಖಾನೆಗಳು ತಡೆಯನ್ನೂ ಚರೆಬಟ್ಟಲನ್ನೂ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದವು.

ಆದರೆ ಹಳೆಯ ವಿಧಾನ ಅಳಿಯಲಿಲ್ಲ. ಬಾಯಿಯಿಂದ ತುಂಬುವ ಬಂದೂಕುಗಳ ಆಸಕ್ತರು 1933ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಇಂಥ ಹವ್ಯಾಸಿಗಳು ಪ್ಲಾಸ್ಟಿಕ್ ಬಟ್ಟಲನ್ನು ಹಳೆಯ ನಳಿಗೆಗೆ ಹಾಕಿ ನೋಡಿದಾಗ ಕರಿಮದ್ದಿನ ಶಾಖಕ್ಕೆ ಅದು ಕರಗಿ ಒಳಮೈಗೆ ಮೆತ್ತಿಕೊಂಡಿತು. ಅವರಲ್ಲಿ ಹಲವರು ಮರಳಿ ಕಾಗದ ಮತ್ತು ರಟ್ಟನ್ನು ಸುತ್ತಿ ಬಟ್ಟಲು ಮಾಡಿಕೊಳ್ಳತೊಡಗಿದರು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ ದೇಶಾದ್ಯಂತ ನಿಷೇಧಿಸಿದ ಮೇಲೆ ಬಂದ ಉಕ್ಕಿನ ಚರೆ ಮೃದುವಾದ ಹಳೆಯ ನಳಿಗೆಗಳನ್ನು ಗೀರಬಲ್ಲುದಾದ್ದರಿಂದ, ಹೊದಿಕೆಯ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿತು. ತಂತ್ರಜ್ಞಾನ ಒಂದೇ ದಿಕ್ಕಿನಲ್ಲಿ ಸಾಗುತ್ತದೆಂಬ ಗ್ರಹಿಕೆಯನ್ನು ಈ ಹಿಂತಿರುಗುವಿಕೆ ಪ್ರಶ್ನಿಸುತ್ತದೆ.

೫. ಕನ್ನಡ ನಾಡಿನ ಸಂದರ್ಭ

ಕರ್ನಾಟಕದಲ್ಲಿ ಈ ಕೋವಿಯ ಚರಿತ್ರೆ ಕಾಯ್ದೆಗಳ ಚರಿತ್ರೆಯೂ ಹೌದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು. ಆ ನೆನಪು ಲಾವಣಿಯಾಗಿ ಉಳಿಯಿತು. ಕೊಡಗಿನಲ್ಲಾದರೋ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ನೀಡಿದನು. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯ್ದೆಯಡಿ ಮುಂದುವರಿದ ಈ ವಿನಾಯಿತಿ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ನೀಡುವ ವಿಷಯವನ್ನು ಅದೇ ಕಾಯ್ದೆಯ 13ನೆಯ ಪ್ರಕರಣ ಹೆಸರಿಸಿಯೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಯ ಆಯುಧವಾಗಿ ಇದರ ಪಾತ್ರ ಕೊನೆಗೊಂಡಿತು. ಗದ್ದೆಯ ಕಾವಲು ಮತ್ತು ಆಚರಣೆ ಎಂಬ ಎರಡು ನೆಲೆಗಳು ಉಳಿದವು.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು 'ತೋಕ್ ಪೂ' ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಈಡು ಹಾರುತ್ತದೆ. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಈಡು ಹಾರಿಸುವುದು ಸಂಪ್ರದಾಯ. ಇವು ಸುದ್ದಿ ಮುಟ್ಟಿಸುವ, ಗೌರವ ಸಲ್ಲಿಸುವ ಈಡುಗಳು. ಗುರಿಯಿಲ್ಲದ ಇವಕ್ಕೆ ಚರೆಯ ಅಗತ್ಯವಿಲ್ಲ. ಬಾಯಿಯಿಂದ ತುಂಬುವ ಕೋವಿಯಲ್ಲಿ ಇಂಥ ಈಡೆಂದರೆ ಮದ್ದು ಮತ್ತು ಅದನ್ನು ಬಿಗಿದ ತಡೆ ಮಾತ್ರ. ಬೇಟೆಯಲ್ಲಿ ಸಹಾಯಕವಾಗಿದ್ದ ವಸ್ತು ಆಚರಣೆಯಲ್ಲಿ ಮುಖ್ಯವಾಗುತ್ತದೆ. ಕೊಲ್ಲುವ ಅಂಶವನ್ನು ತೆಗೆದ ಮೇಲೂ ಈಡು ಈಡಾಗಿಯೇ ಉಳಿಯುವುದು ಈ ನಾರಿನ ತುಂಡಿನಿಂದ.

ಕುವೆಂಪು ಅವರ 'ಕಾನೂರು ಹೆಗ್ಗಡತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಕೋವಿ, ಈಡು ಮುಂತಾದ ಮಾತುಗಳು ಮಲೆನಾಡಿನ ಬದುಕಿನ ಸಹಜ ಭಾಗವಾಗಿ ಬರುತ್ತವೆ. ಕೇಪು, ಗಜ, ಚರೆ, ಕತ್ತ ಎಂಬ ಪದಗಳೂ ಇದೇ ಪರಿಸರದವು. 'ಕೇಪು' ಇಂಗ್ಲಿಷಿನ 'ಕ್ಯಾಪ್'. ಯಂತ್ರದೊಡನೆ ಬಂದ ಭಾಗಕ್ಕೆ ಹೊರಗಿನ ಹೆಸರು, ಮನೆಯಲ್ಲಿ ಒದಗಿದ ಭಾಗಕ್ಕೆ ಮನೆಯ ಹೆಸರು.

೬. ಸಮಾರೋಪ

ಕೋವಿಯನ್ನು ಕಾಯ್ದೆ ಎಣಿಸುತ್ತದೆ, ಠಾಣೆ ನೋಂದಾಯಿಸುತ್ತದೆ, ಸಂಗ್ರಹಾಲಯ ಕಾಪಾಡುತ್ತದೆ. ಪ್ಲಾಸ್ಟಿಕ್ ಬಟ್ಟಲಿಗೂ ಪೇಟೆಂಟಿನ ಕಡತವಿದೆ. ಎಷ್ಟು ಕತ್ತ, ಎಷ್ಟು ಬಿಗಿ, ಯಾವ ಹೊದಿಕೆ ಎಂಬ ಕೈಯ ತಿಳಿವಳಿಕೆಗೆ ಮಾತ್ರ ಕಡತವಿಲ್ಲ. ಅದು ನೋಡಿ ಕಲಿತದ್ದು, ತಪ್ಪಿದರೆ ನಳಿಗೆಯೇ ಸಿಡಿಯಬಹುದಾದ್ದರಿಂದ ಎಚ್ಚರದಿಂದ ಕಲಿತದ್ದು. ಬೇಟೆಯನ್ನು ಸಮರ್ಥಿಸದೆಯೂ ಈ ತಿಳಿವಳಿಕೆಯನ್ನು ದಾಖಲಿಸಲು ಸಾಧ್ಯ. ಕೋವಿಯ ಪಕ್ಕದಲ್ಲಿ ಅದರ ಗಜ, ಮದ್ದಿನ ಬುರುಡೆ, ಒಂದು ಹಿಡಿ ಕತ್ತವನ್ನೂ ಇರಿಸಿ, ಅವುಗಳ ಪ್ರಾದೇಶಿಕ ಹೆಸರುಗಳನ್ನು ಬಳಸಿದವರ ಬಾಯಿಂದಲೇ ಬರೆದುಕೊಳ್ಳುವುದು ಜಾನಪದ ಸಂಗ್ರಹಾಲಯಗಳು ಮಾಡಬೇಕಾದ ಕೆಲಸ. ಬಳಸಿದ ತಲೆಮಾರು ಇರುವಾಗಲೇ ಅದು ನಡೆಯಬೇಕು. ಉಕ್ಕು ಇನ್ನೊಂದು ಶತಮಾನ ಕಾಯಬಲ್ಲದು, ನಾರು ಕಾಯಲಾರದು.