ಚಿತ್ತವಿಕಾರದ ಔಷಧಗಳೂ ಅವುಗಳ ದೀರ್ಘಕಾಲದ ಫಲವೂ

ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೆ ಕೊಡುವ ರೂಢಿಯು ನಮ್ಮ ದೇಶದಲ್ಲಿ ಬಹುಕಾಲದಿಂದ ಇದ್ದಿತು. ಕ್ರಿ. ಶ. ೧೯೩೧ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರೀರ್ವರು ಅದರ ಗುಣವನ್ನು ಆಧುನಿಕ ವೈದ್ಯಲೋಕದ ಮುಂದಿಟ್ಟರು. ೧೯೫೨ರಲ್ಲಿ ಅದರ ಸಾರವಾದ ರೆಸರ್ಪೀನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಲ್ಪಟ್ಟಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬವರು ಕ್ಲೋರ್‌ಪ್ರೊಮಜೀನನ್ನು ಚಿತ್ತರೋಗಿಗಳಿಗೆ ಕೊಟ್ಟು ನೋಡಿದರು. ಮೊದಲನೆಯದು ವಿಷಣ್ಣತೆಯನ್ನು ತರುವುದೆಂಬ ಅಪವಾದಕ್ಕೆ ಸಿಲುಕಿ ಹಿಂದೆ ಸರಿಯಿತು, ಎರಡನೆಯದೇ ನಿಂತಿತು.

ಆದರೆ ಕೈಗೆ ಬಾರದ ಔಷಧದ ಫಲಾಫಲವನ್ನು ವಿಚಾರಿಸುವುದೆಂತು? ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂಥ ಊರಿನವರಿಗೆ ಧಾರವಾಡದ ಆಸ್ಪತ್ರೆಯೂ ದೂರ, ಬೆಂಗಳೂರಂತೂ ಇನ್ನೂ ದೂರ. ಈ ಕೊರತೆಯನ್ನು ನೀಗುವುದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ೧೯೯೦ರ ವರೆಗೆ ರಾಯಚೂರಿಗೆ ನೆರೆಯದಾದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ನಡೆಯಿಸಿತು. ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವಿತ್ತು, ಕೆಲವೇ ಔಷಧಗಳನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಹೀಗೆ ತಲಪಿದ ಔಷಧವನ್ನು ವರ್ಷಾನುಗಟ್ಟಲೆ ಸೇವಿಸಿದವರ ಗತಿಯೇನು? ಇದಕ್ಕೆ ನಮ್ಮ ನಾಡಿನಲ್ಲಿಯೇ ದೊರೆತ ಉತ್ತರವು ತೀರ್ಥಹಳ್ಳಿ ತಾಲ್ಲೂಕಿನದು. ಅಲ್ಲಿ ಸ್ಕಿಜೋಫ್ರೀನಿಯಾದಿಂದ ನರಳುತ್ತಿದ್ದವರನ್ನು ನಿಮ್ಹಾನ್ಸಿನ ವೈದ್ಯರು ಮನೆಮನೆಯ ಮಟ್ಟದಲ್ಲಿ ಗುರುತಿಸಿ ಅನುಸರಿಸಿದರು. ೨೦೦೯ರಲ್ಲಿ ಪ್ರಕಟವಾದ ಅವರ ವರದಿಯಂತೆ ಔಷಧವನ್ನು ತೆಗೆದುಕೊಂಡವರ ಅಶಕ್ತತೆಯು ಇಳಿಯಿತು. ಚಿಕಿತ್ಸೆಯಿಲ್ಲದವರದು ಬಹುಮಟ್ಟಿಗೆ ಇದ್ದಂತೆಯೇ ಇದ್ದಿತು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದು ಚೀಟಿಯೆತ್ತಿ ನಿಶ್ಚಯಿಸಿದುದಲ್ಲ. ಆದುದರಿಂದ ವ್ಯತ್ಯಾಸವೆಲ್ಲವೂ ಔಷಧದಿಂದಲೇ ಎನ್ನಲಾಗದು. ಆದರೂ ಈ ಸಾಕ್ಷ್ಯವು ಅಲಕ್ಷ್ಯಕ್ಕೆ ಅರ್ಹವಾದುದಲ್ಲ.

ಇನ್ನು ದೋಷಗಳ ವಿಚಾರ. ಬಹುಕಾಲದ ಸೇವನೆಯಿಂದ ನಾಲಗೆ ತುಟಿಗಳು ತಾವಾಗಿಯೇ ಚಲಿಸತೊಡಗುವ ವಿಕಾರವು ಉಂಟಾಗುವುದು. ಹೊಸ ಔಷಧಗಳಲ್ಲಿ ಕೆಲವು ಮೈ ಬೆಳೆಸಿ ಸಕ್ಕರೆರೋಗಕ್ಕೆ ಎಡೆಗೊಡುವುವು. ಆದರೆ ೧೯೯೬ರಲ್ಲಿ ಮೆಕ್ರೀಡಿ, ತಾರಾ ಮೊದಲಾದವರು ಔಷಧವನ್ನೇ ಸೋಕದ ಭಾರತೀಯ ರೋಗಿಗಳಲ್ಲಿಯೂ ಅಂಥ ಚಲನೆಗಳನ್ನು ಕಂಡರು. ಎಲ್ಲವೂ ಮದ್ದಿನ ತಪ್ಪಲ್ಲವೆಂದಾಯಿತು. ೨೦೧೩ರಲ್ಲಿ ಹಾಲೆಂಡಿನ ವುಂಡರಿಂಕ್ ಪ್ರಭೃತಿಗಳು, ರೋಗದ ಮೊದಲ ಆಕ್ರಮಣವು ಶಮನವಾದ ಮೇಲೆ ಪ್ರಮಾಣವನ್ನು ತಗ್ಗಿಸಿದವರಲ್ಲಿ ಏಳು ವರ್ಷಗಳ ಅನಂತರ ಶೇಕಡಾ ೪೦ರಷ್ಟು ಮಂದಿ ಚೇತರಿಸಿಕೊಂಡರೆಂದೂ, ತಗ್ಗಿಸದವರಲ್ಲಿ ೧೮ರಷ್ಟು ಮಾತ್ರವೆಂದೂ ತಿಳಿಸಿದರು. ಮೊದಮೊದಲು ತಗ್ಗಿಸಿದವರಲ್ಲಿಯೇ ರೋಗವು ಹೆಚ್ಚಾಗಿ ಮರುಕಳಿಸಿದ್ದಿತು. ಅಂಥ ಕಾಲದಲ್ಲಿ ರೋಗಿಯನ್ನು ಆಗಾಗ್ಗೆ ನೋಡುತ್ತಿರುವ ವೈದ್ಯನಿರಬೇಕು. ಬಳ್ಳಾರಿಯ ಮಾದರಿಯು ಮುಖ್ಯವಾಗಿ ಕಲಿಸಿದುದು ರೋಗವನ್ನು ಗುರುತಿಸಿ ಔಷಧವನ್ನು ಆರಂಭಿಸುವುದನ್ನು.